ಹೆಸರು ನೋಡು, ಪಟ್ಟಿಯನ್ನೂ ನೋಡು

ಮಗೂ, ಹೆಲ್ಸಿಂಕಿಯಲ್ಲಿ ನೆಲೆಸಿ ಎರಡು ವರ್ಷ ಕಳೆದಿದೆ, ಪೌರತ್ವ ಇಲ್ಲದಿದ್ದರೂ ನಗರಸಭೆಗೆ ಓಟು ಹಾಕಬಹುದು ಅಂತ ಫೋನಿನಲ್ಲಿ ಕುಣಿದಾಡಿದೆಯಲ್ಲ, ಕೇಳಿ ಖುಷಿಯಾಯಿತು. ಆದರೆ "ನಾನು ಪಕ್ಷ ನೋಡಲ್ಲ ತಾತ, ವ್ಯಕ್ತಿ ನೋಡಿ ಹಾಕ್ತೀನಿ" ಅಂದೆ ನೋಡು, ಅಲ್ಲಿ ಸ್ವಲ್ಪ ನಿಲ್ಲು. ಆತುರಗಾರನಿಗೆ ಬುದ್ಧಿ ಮಟ್ಟ.

ನಮ್ಮ ವಿಧಾನಸಭೆಗೆ ಕ್ಷೇತ್ರಕ್ಕೊಬ್ಬ ಶಾಸಕ. ಹೆಚ್ಚು ಓಟು ಬಿದ್ದವನು ಗೆದ್ದ, ಮಿಕ್ಕವರು ಮನೆಗೆ. ಅಲ್ಲಿ ಇಡೀ ನಗರ ಒಂದೇ ಕ್ಷೇತ್ರ, ಸೀಟು 85. ಮತಪತ್ರದಲ್ಲಿ ಪಕ್ಷದ ಚಿಹ್ನೆ ಇಲ್ಲ, ಬರೀ ಒಂದು ವೃತ್ತ. ನಿನಗೆ ಬೇಕಾದ ಅಭ್ಯರ್ಥಿಯ ಸಂಖ್ಯೆಯನ್ನು ಅದರೊಳಗೆ ಬರೆಯಬೇಕು. ಒಬ್ಬರನ್ನೇ ಆರಿಸಿದೆ ಅನ್ನಿಸುತ್ತದೆ. ಆದರೆ ಒಟ್ಟು ಕುಟುಂಬದಲ್ಲಿ ಮಗನ ಸಂಬಳ ಮೊದಲು ಮನೆಯ ಪೆಟ್ಟಿಗೆಗೆ ಬೀಳುತ್ತಿತ್ತಲ್ಲ, ಹಾಗೆ ನಿನ್ನ ಓಟೂ ಮೊದಲು ಅವರ ಪಕ್ಷದ ಅಭ್ಯರ್ಥಿಗಳ ಪಟ್ಟಿಯ ಲೆಕ್ಕಕ್ಕೇ ಬೀಳುತ್ತದೆ.

ಲೆಕ್ಕ ಕೇಳು. ಒಂದು ಪಟ್ಟಿಗೆ ಒಟ್ಟು 60,000 ಓಟು ಬಂತು ಅನ್ನೋಣ. ಆ ಪಟ್ಟಿಯಲ್ಲಿ ಅತಿ ಹೆಚ್ಚು ಓಟು ಪಡೆದವರ ಹೆಸರಿಗೆ ಪೂರಾ 60,000, ಎರಡನೆಯವರಿಗೆ ಅರ್ಧ, 30,000, ಮೂರನೆಯವರಿಗೆ 20,000. ಹೀಗೆ ಎಲ್ಲ ಪಟ್ಟಿಗಳಿಗೂ ಭಾಗಿಸಿ, ಬಂದ ಅಂಕಿಗಳಲ್ಲಿ ಅತಿ ದೊಡ್ಡ 85 ಆರಿಸಿದರೆ ಸಭೆ ಸಿದ್ಧ. ಆದ್ದರಿಂದ ಪುಟ್ಟ ಪಟ್ಟಿಯಲ್ಲಿ 1,500 ಓಟು ಪಡೆದವರು ಸೋತು, ದೊಡ್ಡ ಪಟ್ಟಿಯಲ್ಲಿ 1,000 ಪಡೆದವರು ಗೆಲ್ಲಬಹುದು. ಅನ್ಯಾಯ ಅಂತ ಕೂಗಬೇಡ. ಸೀಟು ಹಂಚುವುದು ಪಟ್ಟಿಯ ಬಲಕ್ಕೆ, ಅದರಲ್ಲಿ ಕೂರುವವರನ್ನು ಆರಿಸುವುದು ನಿಮ್ಮ ಓಟು.

ಇದರಲ್ಲೊಂದು ದೊಡ್ಡ ಗುಣವಿದೆ. ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ಯಾವ ಹೈಕಮಾಂಡೂ ಮೊದಲೇ ತೀರ್ಮಾನಿಸಿ ಇಡುವಂತಿಲ್ಲ. ಅದು ನಿನ್ನಂಥವರ ಕೈಯಲ್ಲಿದೆ. ಹಾಗಾಗಿ ಅದನ್ನು ಹಗುರವಾಗಿ ಬಳಸಬೇಡ.

ಹಗುರವಾಗಿ ಬಳಸಿದರೆ ಏನಾಗುತ್ತದೆ ಅಂತ ಬ್ರೆಜಿಲ್ ನೋಡು. ಅಲ್ಲೂ ಹೀಗೆ ಓಟುದಾರರೇ ಕ್ರಮ ತೀರ್ಮಾನಿಸುವ ಮುಕ್ತ ಪಟ್ಟಿಯೇ. 2010ರಲ್ಲಿ ಸಾವೊ ಪಾಲೊ ರಾಜ್ಯದ ಜನ ಟಿರಿರಿಕಾ ಎಂಬ ವಿದೂಷಕನಿಗೆ 13 ಲಕ್ಷಕ್ಕೂ ಹೆಚ್ಚು ಓಟು ಸುರಿದರು. ಅವನು ಗೆದ್ದದ್ದಲ್ಲದೆ, ಮಿಕ್ಕ ಓಟಿನ ಬಲದ ಮೇಲೆ ಅವನ ಮೈತ್ರಿಕೂಟದ ಬೇರೆಯವರೂ ಸಂಸತ್ತು ಹೊಕ್ಕರು. ಕೊನೆಗೆ 2015ರಲ್ಲಿ, ಗೆಲ್ಲುವವರಿಗೆ ಸ್ವಂತ ಓಟು ಇಂತಿಷ್ಟಾದರೂ ಇರಬೇಕು ಅಂತ ಕಾನೂನು ತಂದರು.

ಇಷ್ಟು ಚುನಾವಣೆ ಕಂಡವನ ಮಾತು ಕೇಳು. ಒಳ್ಳೆಯವರು ಸಿಕ್ಕರೆಂದು ಕಣ್ಣು ಮುಚ್ಚಿ ಓಡಬೇಡ, ಅವರ ಸಹವಾಸ ಯಾರದ್ದು ಅಂತ ವಿಚಾರಿಸು. ಪಕ್ಷಗಳು ಮೈತ್ರಿ ಮಾಡಿಕೊಂಡಿದ್ದರೆ ಓಟು ಮೈತ್ರಿಯ ಲೆಕ್ಕಕ್ಕೆ ಹೋಗುತ್ತದೆ, ಅದನ್ನೂ ಕೇಳಿಕೋ. ಪಟ್ಟಿಯನ್ನು ಪೂರ್ತಿ ಓದು. "ನಾನು ಮೆಚ್ಚಿದವರು ಸೋತು, ನನ್ನ ಓಟಿನಿಂದ ಇವರಲ್ಲಿ ಇನ್ಯಾರೋ ಗೆದ್ದರೆ ನನಗೆ ಒಪ್ಪಿಗೆಯೇ?" ಅಂತ ನಿನ್ನನ್ನೇ ಕೇಳಿಕೋ. ಒಪ್ಪಿಗೆಯಾದರೆ ಧೈರ್ಯವಾಗಿ ಸಂಖ್ಯೆ ಬರೆ. ಬಿಡಿಸಿ ಬರೆ ಮತ್ತೆ! ನಿನ್ನ ಕೈಬರಹದಲ್ಲಿ 1 ಯಾವುದು, 7 ಯಾವುದು ಅಂತ ಮೇಷ್ಟ್ರಿಗೇ ತಿಳಿಯುತ್ತಿರಲಿಲ್ಲ.