ಕತ್ತರಿ ಹಿಡಿಯುವ ಮುಂಚೆ

ಇಕೆಬಾನ, ಅಂದರೆ ಜಪಾನಿ ಹೂಜೋಡಣೆಯ ಗುಂಪಿಗೆ ಹೊಸದಾಗಿ ಸೇರಿದ್ದೀರಿ, ಸಂತೋಷ. ಬೆಂಗಳೂರಿನಲ್ಲಿ ಈ ಕಲೆಯ ಹುಚ್ಚು ಹಿಡಿಸಿಕೊಂಡ ಎಷ್ಟೋ ಜನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮರೀಗೌಡ ಸ್ಮಾರಕ ಭವನದಲ್ಲಿ ಅದನ್ನು ಕಂಡು ಮನಸೋತವರೇ. ಎರಡು ಕೊಂಬೆ, ಮೂರು ಹೂವು, ಇದೇನು ಮಹಾ ಅಂದುಕೊಂಡು ಬರುತ್ತೀರಿ. ಆಮೇಲೆ ಕೊಂಬೆ ವಾಲಿತು, ಹೂ ಬಾಡಿತು ಅಂತ ಕೊಂಬೆ ಚುಚ್ಚಿ ನಿಲ್ಲಿಸುವ ಮುಳ್ಳುಬಿಲ್ಲೆಯ ಮೇಲೆ ತಪ್ಪು ಹೊರಿಸುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇಜಾರು ಮಾಡಿಕೊಳ್ಳದೆ ನಾಲ್ಕು ಮಾತು ಕೇಳಿ.

ಮೊದಲು ನೀರಿನ ವಿಚಾರ. ಬೆಳಿಗ್ಗೆ ಕೆ.ಆರ್. ಮಾರುಕಟ್ಟೆಯಿಂದ ಹೂ ತಂದು, ಪ್ಲಾಸ್ಟಿಕ್ ಚೀಲದಲ್ಲೇ ಕಾರಿನ ಡಿಕ್ಕಿಯಲ್ಲಿ ಬೇಯಿಸಿ, ಹತ್ತು ಗಂಟೆಗೆ ತರಗತಿಗೆ ತರುತ್ತೀರಿ. ಹಾಗೆ ಮಾಡಬೇಡಿ. ಮನೆಗೆ ಬಂದ ತಕ್ಷಣ ಬಕೆಟ್‌ನಲ್ಲಿ ನೀರು ತುಂಬಿ, ದೇಟಿನ ತುದಿಯನ್ನು ನೀರೊಳಗೆ ಮುಳುಗಿಸಿಯೇ ಕತ್ತರಿಸಿ. ಜಪಾನಿನವರು ಇದನ್ನು ಮಿಜುಗಿರಿ ಅನ್ನುತ್ತಾರೆ. ಹೊರಗೆ ಕತ್ತರಿಸಿದರೆ ದೇಟಿನೊಳಗೆ ಗಾಳಿ ಸೇರಿ ನೀರು ಮೇಲೇರುವುದಕ್ಕೆ ತಡೆಯಾಗುತ್ತದೆ. ಹೂ ತಲೆ ಬಾಗಿಸುವುದು ಅದಕ್ಕೇ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡಿ, ಇಲ್ಲದಿದ್ದರೆ ಕೊಳೆತು ನಾರುತ್ತವೆ. ದಾಸವಾಳ ತರಬೇಡಿ, ಸಂಜೆಗೇ ಮುದುಡಿಕೊಳ್ಳುತ್ತದೆ. ಕಣಗಿಲೆ ಮುಟ್ಟಿದರೆ ಕೈ ತೊಳೆಯದೆ ತಿಂಡಿ ಡಬ್ಬಿ ತೆರೆಯಬೇಡಿ, ಅದು ವಿಷದ ಗಿಡ.

ಇನ್ನು ಮುಳ್ಳುಬಿಲ್ಲೆ, ಅಂದರೆ ಕೆನ್‌ಜಾನ್. ಸೀಸದ ಬಿಲ್ಲೆಯ ಮೇಲೆ ಹಿತ್ತಾಳೆಯ ಮುಳ್ಳು ನಿಲ್ಲಿಸಿದ ಈ ವಸ್ತುವಿನ ಜೊತೆ ಗುದ್ದಾಡಬೇಡಿ. ಮೆತ್ತಗಿನ ಹೂದೇಟನ್ನು ನೇರವಾಗಿ ಕತ್ತರಿಸಿ, ಗಟ್ಟಿ ಕೊಂಬೆಯನ್ನು ಓರೆಯಾಗಿ ಕತ್ತರಿಸಿ. ಕೊಂಬೆ ದಪ್ಪವಿದ್ದರೆ ತುದಿಯನ್ನು ಸೀಳಿಕೊಳ್ಳಿ. ಮೊದಲು ನೆಟ್ಟಗೆ ಚುಚ್ಚಿ, ಗಟ್ಟಿಯಾಗಿ ನಿಂತ ಮೇಲೆ ಬೇಕಾದ ಕಡೆಗೆ ಬಾಗಿಸಿ. ಮುಳ್ಳು ಪೂರ್ತಿ ಮುಳುಗುವಷ್ಟು ನೀರಿರಲಿ. ಕೆಲಸ ಮುಗಿದ ಮೇಲೆ ಮುಳ್ಳಿನ ಸಂದಿಯ ಚೂರುಗಳನ್ನು ತೆಗೆದು, ತೊಳೆದು, ಒಣಗಿಸಿ ಇಡಿ. ಗುಂಪಿನ ಸಾಮಾನು ಯಾರದೋ ಅಂತ ಬಿಟ್ಟು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಕಣ್ಣಂದಾಜು ನಿಮಗಿನ್ನೂ ಬಂದಿಲ್ಲ, ಆದ್ದರಿಂದ ಅಳತೆಪಟ್ಟಿ ಹಿಡಿಯಲು ನಾಚಿಕೊಳ್ಳಬೇಡಿ. ಇಕೆಬಾನದ ಸೊಗೆತ್ಸು ಶಾಲೆಯ ಮೊದಲ ಪಾಠದಲ್ಲಿ ಲೆಕ್ಕ ಹೀಗೆ: ಹೂ ಜೋಡಿಸುವ ತಟ್ಟೆಯ ಅಗಲ, ಆಳ ಎರಡನ್ನೂ ಕೂಡಿಸಿ ಒಂದೂವರೆ ಪಟ್ಟು ಮಾಡಿದರೆ ಮುಖ್ಯ ಕೊಂಬೆ 'ಶಿನ್'ನ ಉದ್ದ. ಅಗಲ 30, ಆಳ 6 ಸೆಂಟಿಮೀಟರ್ ಇದ್ದರೆ ಶಿನ್ 54. ಅದರ ಮುಕ್ಕಾಲು 'ಸೋಯೆ', ಸೋಯೆಯ ಮುಕ್ಕಾಲು 'ಹಿಕಾಯೆ'. ಮೊದಲನೆಯದು ನೆಟ್ಟನೆಯ ಗೆರೆಯಿಂದ 15 ಡಿಗ್ರಿ ವಾಲಬೇಕು, ಎರಡನೆಯದು 45, ಮೂರನೆಯದು 75. ನಿಯಮ ಮುರಿಯುವ ಆಸೆ ಎಲ್ಲರಿಗೂ ಇರುತ್ತದೆ, ಮೊದಲು ಕಲಿಯಿರಿ.

ಆದರೆ ನಮ್ಮವರ ದೊಡ್ಡ ಕೆಟ್ಟ ಚಾಳಿ ತುಂಬುವುದು. ಮಾರು ಹೂ ಮುಡಿದು, ಎಳ್ಳಷ್ಟೂ ಸಂದಿಲ್ಲದ ದೇವರ ತೋಮಾಲೆ ಕಂಡು ಬೆಳೆದ ಕಣ್ಣು ಖಾಲಿ ಜಾಗ ಕಂಡರೆ ತಡೆಯುವುದಿಲ್ಲ. ಗುರುಗಳು ಆಚೆ ತಿರುಗಿದ ಕೂಡಲೇ ಇನ್ನೆರಡು ಸೇವಂತಿಗೆ ಸಿಕ್ಕಿಸುತ್ತೀರಿ. ಅತಿಯಾದರೆ ಅಮೃತವೂ ವಿಷ. ಇಕೆಬಾನದಲ್ಲಿ ಕೊಂಬೆಗಳ ನಡುವಿನ ಬಯಲೂ ಹೂವಿನಷ್ಟೇ ಮುಖ್ಯ. ಒಂದು ಹೂ ತೆಗೆದು ನೋಡಿ. ಚೆನ್ನಾಗಿ ಕಂಡರೆ ಅದನ್ನು ಅಲ್ಲಿ ಇಟ್ಟದ್ದೇ ತಪ್ಪು. ಹುಳು ತಿಂದ ಎಲೆ, ಡೊಂಕು ಕಡ್ಡಿ, ಇನ್ನೂ ಬಿರಿಯದ ಮೊಗ್ಗು, ಇವನ್ನು ಬಿಸಾಡಬೇಡಿ. ಡೊಂಕು ಕಡ್ಡಿಯೇ ಕೆಲವೊಮ್ಮೆ ಇಡೀ ಜೋಡಣೆಗೆ ಜೀವ ಕೊಡುತ್ತದೆ. ಹಾಗಂತ ಪಕ್ಕದ ಮನೆಯ ಬೇಲಿಗೋ ಲಾಲ್‌ಬಾಗಿನ ಗಿಡಕ್ಕೋ ಕತ್ತರಿ ಹಾಕಿದಿರಿ ಅಂತ ನನ್ನ ಕಿವಿಗೆ ಬೀಳದಿರಲಿ.

ನಮ್ಮ ಶಾಲೆ ಮೇಲು, ನಿಮ್ಮದು ಕೀಳು ಅನ್ನುವ ಜಗಳ ಗುಂಪಿನೊಳಗೆ ತರಬೇಡಿ. ಇಕೆನೊಬೊ ಮನೆತನದ ಶಾಲೆ ಕ್ಯೋಟೋದ ರೊಕ್ಕಾಕುಡೊ ಮಂದಿರದಲ್ಲಿ ಬೇರೂರಿದ್ದು. 1462ರ ಬರಹವೊಂದರಲ್ಲೇ ಆ ಮನೆತನದ ಸೆಂಕೆಯ ಹೂಜೋಡಣೆಯ ಮಾತಿದೆ. ಜಪಾನಿನ ಮೇಜಿ ಕಾಲದಲ್ಲಿ ಪಶ್ಚಿಮದ ಹೂಗಳು ಬಂದಾಗ ಒಹಾರ ಉನ್ಶಿನ್ ಅಗಲ ತಟ್ಟೆಯ ಮೊರಿಬಾನ ಶೈಲಿ ರೂಪಿಸಿದರು. ಸೊಗೆತ್ಸುವನ್ನು ಸೋಫು ತೆಶಿಗಹಾರ ಕಟ್ಟಿದ್ದು 1927ರಲ್ಲಿ. ಈ ಎಲ್ಲ ಶಾಲೆಯವರೂ ಒಟ್ಟಿಗೆ ಕೂರುವ ಸಂಸ್ಥೆಯೂ ಇದೆ: 1956ರಲ್ಲಿ ಎಲೆನ್ ಗಾರ್ಡನ್ ಆಲೆನ್ ಟೋಕಿಯೋದಲ್ಲಿ ಇಕೆಬಾನ ಇಂಟರ್‌ನ್ಯಾಷನಲ್ ಆರಂಭಿಸಿದರು. ಅವರೇ ಹೊಂದಿಕೊಂಡಿರುವಾಗ ನಮ್ಮದೇನು?

ಪ್ರದರ್ಶನದ ದಿನ ತಡವಾಗಿ ಬರಬೇಡಿ. ಪಕ್ಕದವರ ಕೊಂಬೆ 'ಸ್ವಲ್ಪ ಸರಿಮಾಡುತ್ತೇನೆ' ಅಂತ ಮುಟ್ಟಬೇಡಿ. ನಿಮ್ಮ ತಟ್ಟೆಗೆ ದಿನಾ ಬೆಳಿಗ್ಗೆ ನೀವೇ ನೀರು ಹಾಕಿ, ಮೇಜಿನ ಕೆಳಗಿನ ಕಸ ನೀವೇ ಗುಡಿಸಿ. ಬಹುಮಾನ ಬರಲಿಲ್ಲ ಅಂತ ಮುಖ ಊದಿಸಿಕೊಂಡು ಮುಂದಿನ ತರಗತಿ ತಪ್ಪಿಸಬೇಡಿ, ತಾಳಿದವನು ಬಾಳಿಯಾನು.

ತರಗತಿ ಮುಗಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ಸಾಲದು. ಪುಸ್ತಕದಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ಅಳತೆ, ಕೋನ ಗುರುತು ಮಾಡಿಕೊಳ್ಳಿ. ಜೋಡಣೆ ಬಿಚ್ಚಿ ಅದೇ ಹೂ, ಅದೇ ಕೊಂಬೆಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಹೋಗಿ, ಅವತ್ತೇ ಸಂಜೆ ಮನೆಯಲ್ಲಿ ಇನ್ನೊಮ್ಮೆ ಜೋಡಿಸಿ. ಮುಂದಿನ ವಾರ ಬರುವಾಗ ಒಂದು ಹಳೆಯ ಟವೆಲು, ಹರಿತವಾದ ಕತ್ತರಿ ತನ್ನಿ. ನನ್ನ ಕತ್ತರಿ ಕೇಳಬೇಡಿ, ಕೊಡುವುದಿಲ್ಲ.