ಹೆಣ್ಣುಮಗುವಿನ ಕೋಣೆಯ ವರ್ಣವಿನ್ಯಾಸ

ಮನೆ ಕಟ್ಟಿಸುವವರು ಅಡಿಪಾಯ, ಬಾಗಿಲು, ಕಿಟಕಿಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಗೋಡೆಯ ಬಣ್ಣದ ವಿಷಯದಲ್ಲಿ ತೋರುವುದು ವಿರಳ. ಅದರಲ್ಲಿಯೂ ಮಗಳ ಕೋಣೆಯೆಂದರೆ ಗುಲಾಬಿ ಬಣ್ಣವೇ ತಕ್ಕುದೆಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಈ ಭಾವನೆಗೆ ಪ್ರಕೃತಿಯ ಆಧಾರವುಂಟೆ? ಅದನ್ನು ಬಿಟ್ಟು ಅನಿರೀಕ್ಷಿತ ಬಣ್ಣಗಳನ್ನು ಆರಿಸುವವರು ಯಾವ ನಿಯಮಗಳನ್ನು ಅರಿತಿರಬೇಕು? ಈ ಎರಡು ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮೊದಲನೆಯ ಪ್ರಶ್ನೆಗೆ ಇತಿಹಾಸವೇ ಉತ್ತರ ನೀಡುತ್ತದೆ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು ಗುಲಾಬಿಯನ್ನು ಗಂಡುಮಕ್ಕಳಿಗೂ ನೀಲಿಯನ್ನು ಹೆಣ್ಣುಮಕ್ಕಳಿಗೂ ವಿಧಿಸಿತ್ತು. ಗುಲಾಬಿಯು ಗಟ್ಟಿಯಾದ ಬಣ್ಣ, ನೀಲಿಯು ಕೋಮಲವಾದುದು ಎಂಬುದೇ ಅದಕ್ಕೆ ಕೊಟ್ಟ ಕಾರಣ. ಇದಕ್ಕೆ ವಿಪರೀತವಾದ ಈಗಿನ ರೂಢಿಯು ಅಲ್ಲಿ ನೆಲೆಗೊಂಡದ್ದು ಎರಡನೆಯ ಮಹಾಯುದ್ಧದ ತರುವಾಯ. ಅಂದಮೇಲೆ ಇದು ಮಾರುಕಟ್ಟೆಯ ರೂಢಿಯೇ ಹೊರತು ಪ್ರಕೃತಿಯ ಕಟ್ಟಳೆಯಲ್ಲ.

ಎರಡನೆಯ ಪ್ರಶ್ನೆಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್‌ನ ಅನುಭವವು ದಾರಿ ತೋರುತ್ತದೆ. ಪ್ಯಾರಿಸಿನ ಗೋಬ್ಲಾಂ ನೇಯ್ಗೆಶಾಲೆಯಲ್ಲಿ 1824ರಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾದ ಆತನಿಗೆ, ಕಪ್ಪು ನೂಲು ಕಳೆಗುಂದಿದೆಯೆಂಬ ದೂರು ಬಂದಿತು. ಪರೀಕ್ಷಿಸಲಾಗಿ ದೋಷವು ಕಪ್ಪಿನಲ್ಲಿರಲಿಲ್ಲ. ಅದರ ಮಗ್ಗುಲಲ್ಲಿದ್ದ ನೀಲಿ, ನೇರಳೆಗಳಲ್ಲಿತ್ತು. ಬಣ್ಣವು ಒಂಟಿಯಾಗಿ ಕಾಣುವುದಿಲ್ಲ, ನೆರೆಯ ಬಣ್ಣದೊಡನೆಯೇ ಕಾಣುತ್ತದೆ ಎಂಬ ಈ ತತ್ತ್ವವನ್ನು ಆತನು 1839ರ ತನ್ನ ಗ್ರಂಥದಲ್ಲಿ ವಿವರಿಸಿದನು.

ಈ ಅರಿವು ನಮ್ಮ ನೇಕಾರರಿಗೆ ಕೈಗೆಲಸದಿಂದಲೇ ಒದಗಿತ್ತು. ಇಳಕಲ್ಲಿನ ಸೀರೆಯಲ್ಲಿ ಒಡಲು ಗಿಳಿಹಸಿರಾಗಲಿ ನೀಲಿಯಾಗಲಿ, ಸಾಂಪ್ರದಾಯಿಕ ಸೆರಗು ಕೆಂಪು-ಬಿಳುಪಿನದು. ಹಸಿರಿನ ಪಕ್ಕದ ಕೆಂಪು ಕಣ್ಣಿಗೆ ಹಬ್ಬವಾಗುವುದಕ್ಕೆ ಪ್ರಮಾಣವೇ ಕಾರಣ: ಒಡಲು ವಿಸ್ತಾರ, ಸೆರಗು ಮಿತ. ಕೋಣೆಗೂ ಇದೇ ಸೂತ್ರ. ಮೂರು ಗೋಡೆಗಳಿಗೆ ಶಾಂತವಾದ ತಿಳಿವರ್ಣವಿದ್ದು, ಒಂದು ಗೋಡೆಗೋ ಗೂಡಿಗೋ ದಿಟ್ಟವಾದ ಬಣ್ಣವಿರಲಿ. ಉತ್ತರದ ತಂಪು ಬೆಳಕಿನ ಕೋಣೆಗೆ ಅರಿಸಿನ, ಕಾವಿ ಬಣ್ಣಗಳು ಹಿತ. ಸಂಜೆಯ ಬಿಸಿಲು ನುಗ್ಗುವ ಪಶ್ಚಿಮದ ಕೋಣೆಗೆ ನವಿಲುನೀಲಿ, ಪಾಚಿಹಸಿರು ಹಿತ. ಗಾಢವರ್ಣವು ಬೆಳಕನ್ನು ಹೀರುವುದರಿಂದ ಓದುವ ಮೇಜಿನ ಎದುರಿನ ಗೋಡೆ ಮತ್ತು ಮಾಳಿಗೆ ತಿಳಿಯಾಗಿರಬೇಕು. ಮೊದಲು ಮೊಳದಗಲ ಬಳಿದು, ಒಣಗಿದ ಮೇಲೆ ಮುಂಜಾನೆ, ಮಧ್ಯಾಹ್ನ, ದೀಪದ ಬೆಳಕುಗಳಲ್ಲಿ ನೋಡಿ ನಿರ್ಧರಿಸುವುದು ಲೇಸು.

ಚೆಲುವಿಗಿಂತ ಮಿಗಿಲಾದ ವಿಷಯವೊಂದುಂಟು. ಎಣ್ಣೆಬಣ್ಣಗಳ ಉಜ್ವಲ ಹಳದಿ, ಕಿತ್ತಳೆಗಳಿಗೆ ಸೀಸದ ಸಂಯುಕ್ತಗಳನ್ನು ಬಹುಕಾಲ ಬಳಸಲಾಗುತ್ತಿತ್ತು. ಸೀಸವು ಬೆಳೆಯುವ ಮಗುವಿನ ಮೆದುಳಿಗೆ ಹಾನಿಕರ. ಅದಕ್ಕೆ ನಿರಪಾಯದ ಮಟ್ಟವೆಂಬುದು ತಿಳಿದುಬಂದಿಲ್ಲ. ಭಾರತ ಸರ್ಕಾರದ 2016ರ ನಿಯಮವು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಗಳಿಗೆ ಮಿತಗೊಳಿಸಿದೆ. ಡಬ್ಬಿಯ ಮೇಲಿನ ಬರಹವನ್ನು ಓದದೆ ಕೊಳ್ಳಲಾಗದು. ಹಳೆಯ ಬಣ್ಣವನ್ನು ಒಣದಾಗಿ ಕೆರೆಯದೆ ತೇವಗೊಳಿಸಿ ತೆಗೆಯಬೇಕು; ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯುವವರೆಗೆ ಮಗುವನ್ನು ದೂರವಿಡಬೇಕು.

ಕೊನೆಯದಾಗಿ, ಆ ಕೋಣೆಯಲ್ಲಿ ಓದಿ, ಮಲಗಿ, ಕನಸು ಕಾಣುವವಳು ಮಗಳು. ಆಕೆಯ ಇಷ್ಟವನ್ನು ಕೇಳದೆ ಬಳಿದ ಬಣ್ಣವು ಎಷ್ಟೇ ಬೆಲೆಯದಾದರೂ ಪರರ ಆಯ್ಕೆಯೇ ಸರಿ. ತನ್ನ ಗೋಡೆಯ ಬಣ್ಣವನ್ನು ಕಾರಣಸಹಿತ ಆರಿಸಲು ಕಲಿತ ಬಾಲಿಕೆಯು ಮುಂದೆ ಬಾಳಿನ ದೊಡ್ಡ ಆಯ್ಕೆಗಳಲ್ಲಿಯೂ ತನ್ನ ಮಾತನ್ನು ಅಳುಕದೆ ಹೇಳಬಲ್ಲಳು.