ಹಾಲಿನ ಜಿಡ್ಡು ಮತ್ತು ಹೃದಯದ ಆರೋಗ್ಯ



ಸಂಘಕ್ಕೆ ಹಾಲು ಹಾಕಿದ ಕೂಡಲೇ ನಾವು ನೋಡುವುದು ಜಿಡ್ಡಿನ ಅಂಕಿ. ಜಿಡ್ಡು ಹೆಚ್ಚಿದ್ದರೆ ದರವೂ ಹೆಚ್ಚು. ಆದರೆ ಅದೇ ಜಿಡ್ಡು ಹೃದಯಕ್ಕೆ ಕೆಟ್ಟದ್ದೆಂದು ಹೆದರಿ ಕೆಲವರು ಮನೆಯಲ್ಲಿ ಹಾಲನ್ನೇ ಬಿಡುತ್ತಾರೆ. ಇನ್ನು ಕೆಲವರು ಮನೆಯ ತುಪ್ಪ ಎಷ್ಟು ತಿಂದರೂ ಏನೂ ಆಗದು ಎನ್ನುತ್ತಾರೆ. ಎರಡೂ ಸರಿಯಲ್ಲ.

ಕೊಲೆಸ್ಟರಾಲ್ ಎಂದರೇನು?

ಇದು ಮೇಣದಂತಹ ವಸ್ತು. ಶರೀರಕ್ಕೆ ಅಗತ್ಯವಾದದ್ದೇ. ಇದರ ಹೆಚ್ಚಿನ ಪಾಲನ್ನು ನಮ್ಮ ಶರೀರವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಎಲ್.ಡಿ.ಎಲ್. ಎಂಬ ಕೊಲೆಸ್ಟರಾಲ್ ಹೆಚ್ಚಾದರೆ ಅದು ರಕ್ತನಾಳಗಳ ಒಳಗೋಡೆಯಲ್ಲಿ ಶೇಖರವಾಗಿ ಹೃದಯಾಘಾತಕ್ಕೆ ಕಾರಣವಾಗಬಹುದು. ಆಹಾರದಲ್ಲಿನ ಸಂತೃಪ್ತ ಕೊಬ್ಬು, ಅಂದರೆ ವೈದ್ಯರು ಹೇಳುವ ಸ್ಯಾಚುರೇಟೆಡ್ ಫ್ಯಾಟ್, ಈ ಎಲ್.ಡಿ.ಎಲ್. ಅನ್ನು ಹೆಚ್ಚಿಸುತ್ತದೆ.

ಮನೆಯ ಲೆಕ್ಕ

ಹಾಲಿನ ಜಿಡ್ಡಿನಲ್ಲಿ ಸುಮಾರು ಮೂರನೇ ಎರಡು ಪಾಲು ಸಂತೃಪ್ತ ಕೊಬ್ಬು. 200 ಮಿ.ಲೀ. ಲೋಟದಲ್ಲಿ ಶೇ. 4 ಜಿಡ್ಡಿನ ಹಸುವಿನ ಹಾಲಾದರೆ ಇದು ಸುಮಾರು 5 ಗ್ರಾಂ, ಶೇ. 7 ಜಿಡ್ಡಿನ ಎಮ್ಮೆ ಹಾಲಾದರೆ ಸುಮಾರು 9 ಗ್ರಾಂ. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 3 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಆಹಾರ ಸೇವಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಸುಮಾರು 22 ಗ್ರಾಂ. ಅಂದರೆ ಒಂದು ಲೋಟ ಹಸುವಿನ ಹಾಲು, ಎರಡು ಚಮಚ ತುಪ್ಪ ಸೇರಿದರೂ ಮಿತಿಯ ಅರ್ಧದಷ್ಟೇ. ಉಳಿದದ್ದು ಕರಿದ ತಿಂಡಿ, ಬೇಕರಿ ತಿನಿಸು, ಕೊಬ್ಬರಿ, ಮಾಂಸಗಳಿಂದ ಬರುತ್ತದೆ. ಮಿತಿ ಮೀರುವುದು ಅಲ್ಲಿಯೇ.

ತುಪ್ಪ ಮಾರಿ ವನಸ್ಪತಿ ಕೊಳ್ಳಬೇಡಿ

'ಕೊಲೆಸ್ಟರಾಲ್ ಇಲ್ಲ' ಎಂಬ ಚೀಟಿ ನೋಡಿ ಮರುಳಾಗಬಾರದು. ಸಸ್ಯಜನ್ಯ ಎಣ್ಣೆ ಯಾವುದರಲ್ಲೂ ಕೊಲೆಸ್ಟರಾಲ್ ಇಲ್ಲವೆಂದೇ ಹೇಳಬಹುದು. ಆದರೂ ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸಂತೃಪ್ತ ಕೊಬ್ಬೇ ಇದೆ. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. ಅದು ಎಲ್.ಡಿ.ಎಲ್. ಹೆಚ್ಚಿಸಿ, ಒಳ್ಳೆಯ ಎಚ್.ಡಿ.ಎಲ್. ಅನ್ನು ತಗ್ಗಿಸುತ್ತದೆ. ಆದ್ದರಿಂದಲೇ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ.

ಗಮನದಲ್ಲಿಡಬೇಕಾದ ಅಂಶಗಳು

1. ಹಾಲು ಬಿಡಬೇಕಾಗಿಲ್ಲ. ವಯಸ್ಸಾದವರು ಕೆನೆ ತೆಗೆದ ಹಾಲು, ಬೆಣ್ಣೆ ತೆಗೆದ ಮಜ್ಜಿಗೆ ಬಳಸಲಿ. ಜಿಡ್ಡು ಹೋದರೂ ಪ್ರೋಟೀನು, ಸುಣ್ಣದ ಅಂಶ ಉಳಿದಿರುತ್ತವೆ.
2. ತುಪ್ಪ ದಿನಕ್ಕೆ ಒಂದೆರಡು ಟೀ ಚಮಚ ಸಾಕು. ಒಗ್ಗರಣೆಗೆ ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳನ್ನು ಹಿತಮಿತವಾಗಿ ಬಳಸಿ.
3. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.
4. ಎರಡು ವರ್ಷದೊಳಗಿನ ಮಕ್ಕಳ ಆಹಾರದಲ್ಲಿ ಜಿಡ್ಡು ಕಡಿಮೆ ಮಾಡಬಾರದು.
5. ಬೀಡಿ, ಸಿಗರೇಟು ಬಿಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ರಕ್ತ ಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ನಡೆಯಲಿ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಸಂಘದಲ್ಲಿ ಜಿಡ್ಡಿನ ಅಂಕಿಯನ್ನು ಗಮನಿಸುವಷ್ಟೇ ಎಚ್ಚರಿಕೆಯಿಂದ ಮನೆಯ ಊಟದಲ್ಲಿಯೂ ಅದನ್ನು ಗಮನಿಸೋಣ.